ಬೀಸುವ ಕಲ್ಲೂ ಬೀಸುವ ಪದವೂ

ಕಾಳಿದಾಸನ ಶಾಕುಂತಲವನ್ನು ಓದಿದ ವಾಚಕರಿಗೆ ಆ ನಾಟಕದ ಐದನೆಯ ಅಂಕವು ಹೇಗೆ ಆರಂಭವಾಗುತ್ತದೆಂಬುದು ನೆನಪಿರಬಹುದು. ದೂರ್ವಾಸರ ಶಾಪದಿಂದ ದುಷ್ಯಂತನು ಶಕುಂತಲೆಯನ್ನು ಸಂಪೂರ್ಣವಾಗಿ ಮರೆತಿದ್ದಾನೆ. ಅವಳ ಮುಖವಾಗಲಿ, ಕಣ್ವರ ಆಶ್ರಮವಾಗಲಿ, ತಾನು ಕೊಟ್ಟ ಮಾತಾಗಲಿ ಒಂದೂ ಅವನ ಮನಸ್ಸಿನಲ್ಲಿ ಉಳಿದಿಲ್ಲ. ಆ ಹೊತ್ತಿಗೆ ಅಂತಃಪುರದ ಕಡೆಯಿಂದ ಹಂಸಪದಿಕೆಯೆಂಬವಳು ಹಾಡುವ ಧ್ವನಿ ಕೇಳಿಬರುತ್ತದೆ. ಆ ಹಾಡು ಶಕುಂತಲೆಯನ್ನು ಕುರಿತದ್ದಲ್ಲ. ಆದರೂ ರಾಜನ ಮನಸ್ಸು ಕಲಕಿಹೋಗುತ್ತದೆ. ಪ್ರಿಯಜನರ ಅಗಲಿಕೆ ಯಾವುದೂ ಇಲ್ಲದಿರುವಾಗ ಈ ಕಳವಳವೇಕೆಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಹಿಂದಿನ ಜನ್ಮದ ಸ್ನೇಹವೇನಾದರೂ ಅರಿಯದಂತೆ ನೆನಪಾಗುತ್ತಿರಬಹುದೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಮುನಿಯ ಶಾಪವು ನೆನಪಿನ ಬಾಗಿಲುಗಳನ್ನೆಲ್ಲ ಹಾಕಿತಾದರೂ ಕಿವಿಯ ಕಡೆಯ ಕಿಟಕಿಯೊಂದು ತೆರೆದೇ ಉಳಿಯಿತೆನ್ನಬೇಕು. ಅಭಿನವಗುಪ್ತನು ರಸವಿಚಾರವನ್ನು ಮಾಡುವಾಗ ಈ ಸಂದರ್ಭವನ್ನು ಉದಾಹರಣೆಗೆ ಎತ್ತಿಕೊಂಡದ್ದು ಆಶ್ಚರ್ಯವಲ್ಲ.

ನಮ್ಮ ತಾರ್ಕಿಕರು ಸ್ಮರಣೆಗೆ ಸಂಸ್ಕಾರವೇ ಕಾರಣವೆನ್ನುತ್ತಾರೆ. ಒಮ್ಮೆ ಅನುಭವಿಸಿದ್ದು ಒಳಗೆ ಅಚ್ಚೊತ್ತಿ ಮಲಗಿರುತ್ತದೆ. ಅದನ್ನು ತಟ್ಟಿ ಎಬ್ಬಿಸುವುದಕ್ಕೆ ಬೇರೊಂದು ಬೇಕು. ಹಾಗೆ ಎಬ್ಬಿಸುವುದಕ್ಕೆ ಉದ್ಬೋಧಕವೆಂದು ಅವರು ಹೆಸರಿಟ್ಟಿದ್ದಾರೆ. ಪರಿಮಳವೂ ಉದ್ಬೋಧಕವೇ, ರುಚಿಯೂ ಉದ್ಬೋಧಕವೇ. ಆದರೆ ಹಿಂದಿನದನ್ನು ಎಬ್ಬಿಸಿ ತಂದು ಮುಂದೆ ನಿಲ್ಲಿಸುವುದರಲ್ಲಿ ಸದ್ದಿಗೆ ಸಮನಾದುದನ್ನು ನಾವು ಕಾಣೆವು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದ ನಮಗೆ ಇದರ ಪ್ರಮಾಣ ಶಾಲೆಯಲ್ಲಿಯೇ ದೊರೆತಿದೆ. ಹದಿನೇಳೆಂಟ್ಲಿ ಎಷ್ಟೆಂದು ಹುಡುಗನನ್ನು ಥಟ್ಟನೆ ಕೇಳಿದರೆ ಅವನು ಬಾಯಿ ಬಿಡುತ್ತಾನೆ. ಹದಿನೇಳೊಂದ್ಲಿ ಹದಿನೇಳು ಎಂಬಲ್ಲಿಂದ ರಾಗವಾಗಿ ಹೊರಟರೆ ನೂರಮೂವತ್ತಾರಕ್ಕೆ ತಾನಾಗಿ ಬಂದು ನಿಲ್ಲುತ್ತಾನೆ. ಲೆಕ್ಕವನ್ನು ಅವನ ಬುದ್ಧಿ ಹಿಡಿದಿಲ್ಲ, ರಾಗ ಹಿಡಿದಿದೆ.

ಈ ತಿಂಗಳು ನಾವು ಹೇಳಹೊರಟ ವಿಷಯವೂ ಇದಕ್ಕೆ ಸಂಬಂಧಪಟ್ಟದ್ದೇ. ಹಾಡಿನಲ್ಲಿ ನೆನಪು ಉಳಿಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆ ಹಾಡು ತಾನು ಯಾವುದರಲ್ಲಿ ಉಳಿಯುತ್ತದೆ? ಅದನ್ನು ಹಿಡಿದುಕೊಂಡಿದ್ದ ವಸ್ತು ಕೈಬಿಟ್ಟರೆ ಅದರ ಗತಿಯೇನು?

ನಮ್ಮ ಅರಕೆರೆಯು ಶ್ರೀರಂಗಪಟ್ಟಣ ತಾಲ್ಲೂಕಿನ ಹೋಬಳಿಯ ಊರು. ಕಾವೇರಿ ದೂರವಿಲ್ಲ. ಬತ್ತ, ಕಬ್ಬು, ರಾಗಿ ಇವೇ ಜನರ ಬದುಕು. 1970ರ ಸುಮಾರಿನಲ್ಲಿ, ನಾವು ಇನ್ನೂ ಬಾಲಕರಾಗಿದ್ದ ಕಾಲಕ್ಕೆ, ಈ ಸೀಮೆಯ ಹಳ್ಳಿಗಳಲ್ಲಿ ಬೆಳಗಾಗುತ್ತಿದ್ದುದು ಸೂರ್ಯನಿಂದಲ್ಲ, ರಾಗಿಕಲ್ಲಿನಿಂದ. ಕೋಳಿ ಕೂಗುವುದಕ್ಕೂ ಮುಂಚೆಯೇ ಒಂದು ಮನೆಯಲ್ಲಿ ಕಲ್ಲಿನ ಗುಡುಗು ಆರಂಭವಾಗುವುದು. ಅದರ ಮೇಲೆ ಹೆಣ್ಣು ಕೊರಳೊಂದು ಪದವನ್ನು ಎತ್ತುವುದು. ಸ್ವಲ್ಪ ಹೊತ್ತಿಗೆ ಎದುರು ಮನೆಯಲ್ಲಿ ಇನ್ನೊಂದು. ಯಾವ ಕಲ್ಲು ಯಾರ ಮನೆಯದೆಂದು ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದಾಗಿತ್ತು. ಹೊಸದಾಗಿ ಮುಳ್ಳು ಹಾಕಿಸಿದ ಕಲ್ಲಿನ ಸದ್ದೇ ಬೇರೆ, ಸವೆದ ಕಲ್ಲಿನ ಸದ್ದೇ ಬೇರೆ.

ಬೀಸುವ ಕೆಲಸವನ್ನು ನೋಡದ ಎಳೆಯ ವಾಚಕರಿಗಾಗಿ ಎರಡು ಮಾತು. ಕೆಳಗಿನ ಕಲ್ಲು ನೆಲದಲ್ಲಿ ಕದಲದೆ ಇರುತ್ತದೆ. ಮೇಲಿನ ಕಲ್ಲಿಗೆ ನಡುವೆ ಒಂದು ಬಾಯಿ, ಅಂಚಿನಲ್ಲಿ ಒಂದು ಮರದ ಗೂಟ. ಅತ್ತೆ ಸೊಸೆಯೋ, ವಾರಗಿತ್ತಿಯರೋ ಎದುರುಬದುರಾಗಿ ಕುಳಿತು ಗೂಟವನ್ನು ಹಿಡಿದು ತಿರುಗಿಸುವರು. ಒಬ್ಬಳು ನಡುನಡುವೆ ಹಿಡಿರಾಗಿಯನ್ನು ಬಾಯಿಗೆ ಸುರಿಯುವಳು. ಇಬ್ಬರ ತೋಳೂ ಒಂದೇ ಲಯದಲ್ಲಿ ನಡೆಯದಿದ್ದರೆ ಕಲ್ಲು ಎಳೆದಾಡುತ್ತದೆ, ಹಿಟ್ಟು ತರಿಯಾಗುತ್ತದೆ. ಆ ಲಯವನ್ನು ಕಾಯುತ್ತಿದ್ದುದೇ ಪದ. ಹಾಡು ಅಲ್ಲಿ ಬೇಸರ ಕಳೆಯುವ ವಿನೋದ ಮಾತ್ರವಾಗಿರಲಿಲ್ಲ. ಗೂಟ ಹೇಗೋ ಹಾಗೆ ಅದೂ ಒಂದು ಉಪಕರಣವಾಗಿತ್ತು.

ಈ ಪದಗಳಲ್ಲಿ ಬಹುಪಾಲು ತ್ರಿಪದಿಗಳು. ತ್ರಿಪದಿಯು ಕನ್ನಡದ ಅತಿ ಪುರಾತನ ಮಟ್ಟುಗಳಲ್ಲೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷಗಳ ಹಿಂದೆಯೇ ಅದನ್ನು ಬಂಡೆಯ ಮೇಲೆ ಕೊರೆದಿದ್ದಾರೆ. ಹೆಸರೇ ಹೇಳುವಂತೆ ಬರೆದರೆ ಅದು ಮೂರು ಸಾಲು. ಆದರೆ ಹಾಡುವವರು ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳಿ ಮೂರನೆಯದಕ್ಕೆ ಹೋಗುವುದು ವಾಡಿಕೆ. ಹೀಗಾಗಿ ಕಣ್ಣಿಗೆ ಮೂರಾದದ್ದು ಕಿವಿಗೆ ನಾಲ್ಕಾಗುತ್ತದೆ. ಆ ಮರಳುವಿಕೆ ವ್ಯರ್ಥವಲ್ಲ. ಮುಂದಿನ ಮಾತು ಬಾಯಿಗೆ ಬರುವುದಕ್ಕೆ ಅಷ್ಟು ಅವಕಾಶ ಬೇಕು. ಹಿಡಿರಾಗಿಯನ್ನು ಸುರಿಯುವುದಕ್ಕೂ ಅಷ್ಟೇ ಅವಕಾಶ ಬೇಕು. ನೆನಪೂ ಕೈಯೂ ಒಂದೇ ತಿರುವಿನಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದುವು. ಪಿಂಗಳನ ಛಂದಸ್ಸನ್ನು ವರ್ಷಗಟ್ಟಲೆ ಉರುಹೊಡೆದ ನಮಗೆ ಪ್ರಸ್ತಾರಗಳಲ್ಲೆಲ್ಲಿಯೂ ಕಾಣದಿದ್ದ ಒಂದು ಲಕ್ಷಣ ಈ ರಾಗಿಕಲ್ಲಿನ ಬಳಿ ಕಂಡಿತು.

ಆಮೇಲೆ ಹಿಟ್ಟಿನ ಮಿಲ್ಲು ಬಂದಿತು. ಅದಕ್ಕಾಗಿ ನಾವು ದುಃಖಿಸುವವರಲ್ಲ. ಬೀಸುಕಲ್ಲಿನ ಕಾಲವೇ ಚೆನ್ನಾಗಿತ್ತು ಎಂದು ಸಭೆಗಳಲ್ಲಿ ಹೇಳುವ ಗಂಡಸರು ಒಂದು ದಿನ ಮುಂಜಾನೆ ನಾಲ್ಕು ಸೇರು ರಾಗಿಯನ್ನು ತಾವೇ ಬೀಸಿ ಆಮೇಲೆ ಉಪನ್ಯಾಸಕ್ಕೆ ಹೊರಡತಕ್ಕದ್ದು. ತಾಯಂದಿರ ತೋಳಿಗೆ ಬಿಡುವಾಯಿತು, ಬೆಳಗಿನ ಜಾವದ ನಿದ್ರೆ ದಕ್ಕಿತು. ಇದು ಸಣ್ಣ ಲಾಭವಲ್ಲ. ಆದರೆ ಕಲ್ಲು ಹಿತ್ತಲಿಗೆ ಹೋದಾಗ ಅದರೊಡನೆ ಇನ್ನೊಂದೂ ಹಿತ್ತಲಿಗೆ ಹೋಯಿತು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ನಮ್ಮ ನೆರೆಮನೆಯ ಹಿರಿಯಾಕೆಗೆ ಎಂಬತ್ತು ದಾಟಿದೆ. ಅವರ ಮೊಮ್ಮಗಳು ಬೆಂಗಳೂರಿನಲ್ಲಿ ಓದುವವಳು. ಕಳೆದ ಸಂಕ್ರಾಂತಿಗೆ ಊರಿಗೆ ಬಂದಿದ್ದಾಗ ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದು, "ಅಜ್ಜಿ, ರಾಗಿ ಬೀಸೋ ಪದ ಹೇಳವ್ವ" ಎಂದು ಕುಳಿತಳು. ಅಜ್ಜಿ ಎರಡು ಪದ ಹೇಳಿದರು, ಮೂರನೆಯದರ ನಡುವೆ ನಿಂತುಬಿಟ್ಟರು. ಮುಂದಕ್ಕೆ ಬರಲಿಲ್ಲ. "ಕಲ್ಲೇ ಇಲ್ವಲ್ಲ ಮಗ, ಪದ ಎಲ್ಲಿಂದ ಬಂದದು?" ಎಂದರು. ಹುಡುಗಿ ಜಾಣೆ. ಯಂತ್ರವನ್ನು ಪಕ್ಕಕ್ಕಿಟ್ಟು ಅಜ್ಜಿಯ ಎದುರಿಗೆ ನೆಲದ ಮೇಲೆ ಕುಳಿತು, ಇಲ್ಲದ ಗೂಟವನ್ನು ಇಬ್ಬರೂ ಹಿಡಿದಂತೆ ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸತೊಡಗಿದಳು. ನಾವು ಜಗುಲಿಯಲ್ಲಿದ್ದು ಇದನ್ನು ನೋಡುತ್ತಿದ್ದೆವು. ಏಳೆಂಟು ಸುತ್ತು ಬರಿಯ ಸುತ್ತು. ಆಮೇಲೆ ನಿಂತಿದ್ದ ಪದ ಮುಂದುವರಿಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಆ ದಿನ ಇಪ್ಪತ್ತಕ್ಕೆ ಮೇಲ್ಪಟ್ಟು ಪದಗಳು ಬಂದುವು. ತಮಗೆ ಅಷ್ಟು ಬರುತ್ತವೆಂದು ಆಕೆಗೇ ತಿಳಿದಿರಲಿಲ್ಲ.

ವೇದಾಧ್ಯಯನದ ಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಬಾಲವಟುವಿಗೆ ಸಂಥೆ ಹೇಳುವ ಗುರುಗಳು ಅವನ ತಲೆಯನ್ನು ಹಿಡಿದು ಸ್ವರಕ್ಕೆ ತಕ್ಕಂತೆ ಏರಿಸಿ ಇಳಿಸುವರು. ಉದಾತ್ತ ಅನುದಾತ್ತಗಳು ಕಿವಿಯಿಂದ ಮಾತ್ರವಲ್ಲ, ಕತ್ತಿನಿಂದಲೂ ಒಳಗಿಳಿಯುತ್ತವೆ. ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠಗಳೆಂದು ಅದೇ ಮಾತುಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಒಂದು ಅಕ್ಷರವೂ ಜಾರದಂತೆ ಕಟ್ಟಿದರು. ಸಾವಿರಾರು ವರ್ಷ ಆ ಧ್ವನಿ ಉಳಿದದ್ದು ಹೀಗೆ. ಅಜ್ಜಿಯ ಪದಕ್ಕೂ ವೇದಕ್ಕೂ ಸಾಟಿಯೇ ಎಂದು ಯಾರಾದರೂ ಹುಬ್ಬು ಗಂಟಿಕ್ಕಬಹುದು. ಎರಡನ್ನೂ ಉಳಿಸಿದ ಉಪಾಯ ಒಂದೇ ಎಂದಷ್ಟೇ ನಾವು ಹೇಳುತ್ತಿರುವುದು. ವ್ಯತ್ಯಾಸವಿರುವುದು ಬೇರೆ ಕಡೆ. ವೇದಕ್ಕೆ ಪಾಠಶಾಲೆಯಿತ್ತು, ಶಿಷ್ಯರಿದ್ದರು, ದತ್ತಿಯಿತ್ತು. ಬೀಸುವ ಪದಕ್ಕೆ ಇದ್ದುದು ಒಂದು ಕಲ್ಲು ಮಾತ್ರ.

ಸ್ಥಳದಿಂದ ಕಿತ್ತ ಸದ್ದಿನ ಅವಸ್ಥೆಯನ್ನು ತಿಳಿಯಬೇಕಾದರೆ ನಮ್ಮ ಶ್ರೀರಂಗಪಟ್ಟಣದ್ದೇ ಒಂದು ನಿದರ್ಶನವುಂಟು. ಟಿಪ್ಪು ಸುಲ್ತಾನನಲ್ಲಿ ಮರದ ಹುಲಿಯೊಂದಿತ್ತು. ಕೆಳಗೆ ಬಿದ್ದ ಯೂರೋಪಿಯನ್ ಸಿಪಾಯಿಯ ಮೇಲೆ ಅದು ಎರಗಿದೆ; ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿ ಮತ್ತು ಕೊಳವೆಗಳಿಂದ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಹೊರಡುತ್ತಿದ್ದುವು. 1799ನೆಯ ಮೇ 4ರಂದು ಪಟ್ಟಣ ಬಿದ್ದ ಮೇಲೆ ಸಂಗೀತದ ಉಪಕರಣಗಳನ್ನಿಟ್ಟಿದ್ದ ಕೋಣೆಯಲ್ಲಿ ಇದು ಸಿಕ್ಕಿತು. ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿ ಕಂಪೆನಿಯ ಸಂಗ್ರಹಾಲಯದಲ್ಲಿಟ್ಟರು. ಬಂದುಹೋದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ಪುಸ್ತಕಾಲಯದಲ್ಲಿ ಓದುತ್ತಿದ್ದವರು ಈ ಗದ್ದಲವನ್ನು ತಾಳಲಾರೆವೆಂದು ದೂರಿಕೊಂಡರಂತೆ. ಒಬ್ಬ ಅರಸನ ಕೋಪವನ್ನು ಹೇಳಲು ಹುಟ್ಟಿದ ಸದ್ದು ಸಾವಿರಾರು ಮೈಲಿಯಾಚೆ ಮಕ್ಕಳ ಆಟಿಗೆಯ ಸದ್ದಾಯಿತು. ಹುಲಿ ಅದೇ, ಕೊಳವೆಗಳು ಅವೇ. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಕಲ್ಲಿನ ವಿಷಯ ಹೀಗಲ್ಲ. ಕೃಷ್ಣರಾಜಸಾಗರವನ್ನು ಕಟ್ಟಿದಾಗ ಹಳೆಯ ಕನ್ನಂಬಾಡಿ ಊರೂ ಅಲ್ಲಿಯ ವೇಣುಗೋಪಾಲಸ್ವಾಮಿಯ ದೇವಾಲಯವೂ ನೀರಿನ ಪಾಲಾದುವು. ಸುಮಾರು ಎಪ್ಪತ್ತು ವರ್ಷ ಆ ಗುಡಿ ನೀರಿನಲ್ಲಿತ್ತು. ಬರಗಾಲದಲ್ಲಿ ಮಾತ್ರ ಗೋಚರಿಸುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದರ ಕಲ್ಲುಗಳಿಗೆ ಸಂಖ್ಯೆ ಬರೆದು, ಒಂದೊಂದನ್ನಾಗಿ ಬಿಡಿಸಿ ತಂದು, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಇಂದು ಹೋಗಿ ನೋಡಬಹುದು, ಸೊಗಸಾಗಿದೆ. ಕಲ್ಲಿಗೆ ಸಂಖ್ಯೆ ಬರೆಯಬಹುದು. ಮುಳುಗಿದ ಊರಿನ ಓಣಿಗಳಲ್ಲಿ ಬೆಳಗಿನ ಹೊತ್ತು ಏನೇನು ಕೇಳುತ್ತಿತ್ತೆಂಬುದಕ್ಕೆ ಯಾರು ಯಾವ ಸಂಖ್ಯೆಯನ್ನು ಬರೆದಾರು?

ಹಾಗೆಂದು ಕೈಕಟ್ಟಿ ಕುಳಿತವರಲ್ಲ ನಮ್ಮ ಸೀಮೆಯವರು. ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯಲ್ಲಿ ಅರ್ಚಕ ಬಿ. ರಂಗಸ್ವಾಮಿಯವರೆಂಬವರಿದ್ದರು. ಗುಡಿಯ ಪೂಜೆ ಅವರ ವೃತ್ತಿ. ಅವರು ತಮ್ಮ ಊರಿನ ಬದುಕನ್ನೂ ಊರಿನ ಹಾಡನ್ನೂ ಬರೆದಿಟ್ಟು 1933ರಲ್ಲಿ "ಹುಟ್ಟಿದ ಹಳ್ಳಿ" ಎಂಬ ಪುಸ್ತಕವನ್ನು ಹೊರತಂದರು. ಉತ್ತರದಲ್ಲಿ ಹಲಸಂಗಿಯ ಗೆಳೆಯರು "ಗರತಿಯ ಹಾಡು" ಎಂಬ ಸಂಗ್ರಹವನ್ನು ಪ್ರಕಟಿಸಿದ್ದು ಅದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ. ಪಂಡಿತರು ಜನರ ಹಾಡನ್ನು ಸಾಹಿತ್ಯವೆಂದು ಎಣಿಸದೆ ಇದ್ದ ಕಾಲವದು. ರಂಗಸ್ವಾಮಿಯವರಲ್ಲಿ ನಾವು ವಿಶೇಷವಾಗಿ ಮೆಚ್ಚುವುದೇನೆಂದರೆ, ಅವರು ಹಾಡನ್ನು ಊರಿನಿಂದ ಬೇರೆ ಮಾಡಲಿಲ್ಲ. ಹೂವನ್ನು ಕಿತ್ತು ತರುವವರು ಬಹಳ ಮಂದಿ; ಇವರು ಬೇರಿನ ಮಣ್ಣನ್ನೂ ಸೇರಿಸಿ ತೆಗೆದರು. ಆದರೂ ಕಾಗದ ಕಾಗದವೇ. ತ್ರಿಪದಿಯು ಅದರ ಮೇಲೆ ಮೂರೇ ಸಾಲಾಗಿ ಕೂರುತ್ತದೆ. ನಾಲ್ಕನೆಯದು ಕೊರಳಿನಲ್ಲಿಯೇ ಉಳಿಯುತ್ತದೆ.

ಕೊರಳನ್ನೇ ಹಿಡಿದಿಡುವ ಯಂತ್ರ ಅಷ್ಟು ಹೊತ್ತಿಗೆ ಬಂದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನಿಗೆ ಹಾಡಿದರು. ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಆಕೆ ರಾಗವನ್ನೆಲ್ಲ ಅಷ್ಟರಲ್ಲಿ ಮಡಿಸಿಟ್ಟು ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಆಕೆಯ ಕೊನೆಯ ದಿನಗಳು ಕಳೆದದ್ದು ನಮಗೆ ಹತ್ತಿರದ ಮೈಸೂರಿನಲ್ಲಿಯೇ. 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ ಅದಕ್ಕೆ ಆಕಾಶವಾಣಿಯೆಂದು ಹೆಸರಿಟ್ಟರು. ಇವೆಲ್ಲ ವಿದ್ವಾಂಸರ ಸಂಗೀತಕ್ಕೆ ಒದಗಿದಷ್ಟು ಹಳ್ಳಿಯ ಹಾಡಿಗೆ ಒದಗಲಿಲ್ಲ. ಮಂಟೇಸ್ವಾಮಿಯ ಕಥೆಯನ್ನು ತಂಬೂರಿ, ಗಗ್ಗರಗಳೊಡನೆ ಹಾಡುವ ನೀಲಗಾರರೂ, ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರೂ ಒಂದು ರಾತ್ರಿಯಲ್ಲಿ ಮುಗಿಸುವವರಲ್ಲ. ಅವರಿಗೆ ಮೂರು ನಿಮಿಷದ ತಟ್ಟೆ ಯಾವ ಮೂಲೆಗೆ ಸಾಕಾದೀತು?

ಈ ಕೊರತೆಯನ್ನು ತುಂಬಲು ಹೊರಟವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು. ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ಜನರ ಹಾಡು ಕುಣಿತಗಳ ಬೆನ್ನು ಹತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಾಡುವವರ ಧ್ವನಿಯನ್ನು ಗಂಟೆಗಟ್ಟಲೆ ಸುರುಳಿಗಳಲ್ಲಿ ತುಂಬಿಸಿದರು, ಚಿತ್ರಗಳಲ್ಲಿಯೂ ಸೆರೆಹಿಡಿಸಿದರು. ಹಳ್ಳಿಯ ಮನೆಗಳು ಬಿಸಾಡುತ್ತಿದ್ದ ಸಾಮಾನುಗಳನ್ನು ಕೂಡಿಸಿಟ್ಟರು. ಇದೊಂದು ಮಹತ್ಕಾರ್ಯ. ಆದರೆ ಸಾಮಾನು ಒಂದು ಕಡೆ, ಧ್ವನಿ ಇನ್ನೊಂದು ಕಡೆ, ಹಾಡಿದ ಕೈ ಎಲ್ಲಿಯೋ ಎಂಬ ಚಿಂತೆ ಯಾವ ಸಂಗ್ರಹಾಲಯಕ್ಕೂ ತಪ್ಪಿದ್ದಲ್ಲ. ಸಂಗ್ರಹಾಲಯವು ಬೀಜದ ಕಣಜವಿದ್ದಂತೆ. ಬಿತ್ತುವವರು ಬೇರೆ ಇರಬೇಕು.

ಬಿತ್ತಿದವರನ್ನು ಕೇಳಿದರೆ ನಾವು ಪು. ತಿ. ನರಸಿಂಹಾಚಾರ್ಯರನ್ನು ತೋರಿಸುತ್ತೇವೆ. 1905ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದವರು. ಬೆಟ್ಟದ ಮೇಲಿನ ಆ ಪುಟ್ಟ ಊರಿನಲ್ಲಿ ವೇದಘೋಷ, ಆಳ್ವಾರರ ದ್ರಾವಿಡಪ್ರಬಂಧದ ಪಾರಾಯಣ, ಗುಡಿಯ ನಾಗಸ್ವರ ಇವು ಗಾಳಿಯಂತೆ ಮಗುವಿನ ಕಿವಿಯನ್ನು ಹೊಗುತ್ತವೆ. ಅವರು ದೊಡ್ಡವರಾಗಿ ಮೈಸೂರು ಸೈನ್ಯದ ಕಛೇರಿಯಲ್ಲಿ ಕೆಲಸ ಮಾಡಿದರು. ಕಿವಿ ಮಾತ್ರ ಮೇಲುಕೋಟೆಯಲ್ಲಿಯೇ ಇದ್ದಿತೆಂದು ತೋರುತ್ತದೆ. ಅವರ ಗೇಯರೂಪಕಗಳಲ್ಲಿ ಮಾತು ಮೊದಲು, ರಾಗ ಆಮೇಲೆ ಎಂಬ ಭೇದವಿಲ್ಲ. ಎರಡೂ ಕೂಡಿ ಹುಟ್ಟಿದಂತಿವೆ. "ಹಂಸ ದಮಯಂತಿ ಮತ್ತು ಇತರ ರೂಪಕಗಳು" ಎಂಬ ಸಂಪುಟಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಸಂದಿತು. ನಮಗೆ ಪ್ರಿಯವಾದದ್ದು "ಗೋಕುಲ ನಿರ್ಗಮನ", ಬಿ. ವಿ. ಕಾರಂತರು ಅದನ್ನು ರಂಗದ ಮೇಲೆ ತಂದರು. ಕೃಷ್ಣನು ಗೋಕುಲವನ್ನು ಬಿಟ್ಟು ಮಧುರೆಗೆ ಹೊರಡುವ ವೃತ್ತಾಂತ ಅದರದು. ಕೊಳಲಿನ ದನಿಗೆ ಒಗ್ಗಿದ ಊರೊಂದು ಆ ದನಿಯಿಲ್ಲದೆ ಹೇಗೆ ಬಾಳೀತೆಂಬ ಪ್ರಶ್ನೆಯನ್ನು ನಾವು ಅದರಲ್ಲಿ ಯಾವಾಗಲೂ ಕೇಳುತ್ತೇವೆ. ಸದ್ದು ಕಳೆದುಹೋದದ್ದನ್ನೇ ವಸ್ತುವಾಗಿ ಮಾಡಿಕೊಂಡು ಹೊಸ ಹಾಡನ್ನು ಕಟ್ಟುವುದು ಎಲ್ಲರಿಗೂ ಸಾಧ್ಯವಲ್ಲ. ಕಾಗದಕ್ಕಿಂತಲೂ ಸುರುಳಿಗಿಂತಲೂ ಇದು ಹೆಚ್ಚಿನದೆಂದು ನಮ್ಮ ಮತ. ಸಂಸ್ಕಾರವಿದ್ದುದು ಇಲ್ಲಿ ಎಚ್ಚೆತ್ತಿತು ಮಾತ್ರವಲ್ಲ, ಕೆಲಸಕ್ಕೂ ಹೊರಟಿತು.

ಸದ್ದಿನ ಮಾತೆತ್ತಿದ ಮೇಲೆ ಒಂದು ವಿಷಯವನ್ನು ಮರೆಮಾಚುವುದು ನ್ಯಾಯವಲ್ಲ. ನಮ್ಮ ಹಳ್ಳಿಗಳಲ್ಲಿ ತಮಟೆಯಿಲ್ಲದೆ ಹಬ್ಬವಿಲ್ಲ. ಸೌದೆ ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ, ಬೆರಳಿನಿಂದ ತಟ್ಟಿ ಪರೀಕ್ಷಿಸಿ, ಮತ್ತೆ ಕಾಯಿಸಿ ಹದಕ್ಕೆ ತರುವ ಆ ಕಿವಿಯ ಸೂಕ್ಷ್ಮತೆ ವೀಣೆಯ ವಿದ್ವಾಂಸರದಕ್ಕಿಂತ ಕಡಮೆಯದಲ್ಲ. ಆದರೂ ದೇವರ ಮೆರವಣಿಗೆಗೆ ತಮಟೆ ಬೇಕಾಗಿತ್ತು, ತಮಟೆ ಹೊಡೆಯುವವನು ಗುಡಿಯ ಹೊರಗೆ ನಿಲ್ಲಬೇಕಾಗಿತ್ತು. ಅವರ ಮಕ್ಕಳು ಇಂದು ತಮಟೆಯನ್ನು ಮುಟ್ಟೆವು ಎಂದರೆ ನಾವು ಯಾವ ಬಾಯಿಂದ ಆಕ್ಷೇಪಿಸೋಣ? ಕೆಲವರು ಅದನ್ನೇ ಮಾನದ ಕಲೆಯಾಗಿ ಎತ್ತಿಹಿಡಿದು ವೇದಿಕೆಯ ಮೇಲೆ ನುಡಿಸುತ್ತಿದ್ದಾರೆ. ಅವರಿಗೆ ನಮ್ಮ ನಮಸ್ಕಾರ.

ಇನ್ನು ಮದುವೆಯ ಮನೆಯ ಸಂಗತಿ. ಚಪ್ಪರದ ಶಾಸ್ತ್ರಕ್ಕೆ ಒಂದು ಪದ, ಎಣ್ಣೆ ಹಚ್ಚುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಹೆಣ್ಣನ್ನು ಒಪ್ಪಿಸಿಕೊಡುವುದಕ್ಕೊಂದು ಹೀಗೆ ಸೋಬಾನೆಯು ಶಾಸ್ತ್ರದ ಮೈಗೆ ಅಂಟಿಕೊಂಡಿತ್ತು. ಒಬ್ಬಾಕೆ ಹೇಳಿಕೊಡುವುದು, ಉಳಿದವರು ಸೊಲ್ಲು ಹಿಡಿಯುವುದು. ಬೀಸುಕಲ್ಲು ಹೋಗಿದೆ ಸರಿ. ಬಳೆ ತೊಡಿಸುವುದು ಹೋಗಿಲ್ಲ, ಹೆಣ್ಣನ್ನು ಒಪ್ಪಿಸುವುದೂ ಹೋಗಿಲ್ಲ. ಈ ಪದಗಳನ್ನು ಹಿಡಿದಿದ್ದ ಕೆಲಸ ಇನ್ನೂ ನಡೆಯುತ್ತಲೇ ಇದೆ. ಆದರೂ ಅವು ಕೇಳುತ್ತಿಲ್ಲ. ಛತ್ರದಲ್ಲಿ ಧ್ವನಿವರ್ಧಕದ ಆರ್ಭಟಕ್ಕೆ ಪಕ್ಕದವರ ಮಾತೇ ಕೇಳದು. ಮಿಲ್ಲು ಬಂದದ್ದು ಹೆಂಗಸರ ತೋಳಿನ ನೋವಿಗೆ ಮದ್ದಾಗಿ. ಈ ಆರ್ಭಟ ಯಾರ ಯಾವ ನೋವಿಗೆ ಮದ್ದೋ ನಾವರಿಯೆವು. ಬಳೆ ತೊಡಿಸುವ ಅರ್ಧ ಗಂಟೆಯಷ್ಟು ಹೊತ್ತು ಅದರ ಕಿವಿ ಹಿಂಡಿ ಕೂರಿಸಲು ಮದುವೆಯ ಯಜಮಾನರಿಗೆ ಹಣ ಖರ್ಚಿಲ್ಲ. ಹಾಗೆ ಮಾಡಿದ ಒಂದೆರಡು ಮನೆಗಳಿಗೆ ನಾವು ಹೋಗಿದ್ದೆವು. ಮೊದಲು ಯಾರೂ ಬಾಯಿ ತೆರೆಯಲಿಲ್ಲ. ಮೂಲೆಯಲ್ಲಿದ್ದ ಅತ್ತೆಯೊಬ್ಬರು ಮೆಲ್ಲಗೆ ಎತ್ತಿಕೊಂಡರು. ಸೊಲ್ಲು ಹಿಡಿಯಲು ನಾಲ್ಕು ಕೊರಳು ಎಲ್ಲಿಂದಲೋ ಎದ್ದುಬಂದುವು.

ನಮ್ಮ ಓದುಗರಾದ ಸೋದರಿಯರಲ್ಲಿ ಹಿರಿಯರಿಂದ ಪದಗಳನ್ನು ಬರೆದುಕೊಳ್ಳುವವರಿದ್ದರೆ ಮಾತನ್ನು ಮಾತ್ರ ಬರೆದುಕೊಂಡು ಎದ್ದು ಬರಬಾರದು. ಯಾವ ಶಾಸ್ತ್ರಕ್ಕೆ, ಯಾರು ಎತ್ತುವರು, ಯಾರು ಸೊಲ್ಲು ಹಿಡಿಯುವರು, ಯಾವ ಮಾತು ಮರಳುವುದು, ಆಗ ಕೈ ಏನು ಮಾಡುತ್ತಿರುವುದು ಇವನ್ನೂ ಕೇಳಿ ಗುರುತು ಮಾಡಿಕೊಳ್ಳಬೇಕು. ನೆರೆಮನೆಯ ಹುಡುಗಿ ಯುಗಾದಿಗೆ ಮತ್ತೆ ಬಂದಿದ್ದಳು. ಪದಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಅಂದವಾಗಿ ಮೂರು ಮೂರು ಸಾಲಾಗಿ ಬರೆದು ತಂದು ಅಜ್ಜಿಯ ಮುಂದೆ ಓದಿದಳು. ಅಜ್ಜಿಗೆ ಓದು ಬರದು. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಪ್ರತಿಸಾರಿಯೂ, "ಇಲ್ಲಿ ತಿರುಗ್ಬೇಕು ಕನವ್ವ" ಎಂದು ತಡೆದರು. ಈಗ ಆ ಪುಸ್ತಕದಲ್ಲಿ ಪ್ರತಿ ಪದದ ಎರಡನೆಯ ಸಾಲಿನ ಮುಂದೆ ಕೆಂಪು ಶಾಯಿಯ ಒಂದು ಸಣ್ಣ ಸುತ್ತು ಇದೆ.